ಹೂವಿನ ಬಣ್ಣ: ಕಂದು

ಸಂಗ್ರಹಾಲಯದಲ್ಲಿ ಒಣಗಿದ ಗಿಡಗಳನ್ನು ಹಾಳೆಗೆ ಅಂಟಿಸಿ ಚೀಟಿ ಬರೆಯುವವಳಾದ್ದರಿಂದ ಅವಳು ಎಲ್ಲರಿಗೂ ಗೋಂದಕ್ಕ. ಮೂವತ್ತು ವರ್ಷದಲ್ಲಿ ಕಾಡಿಗೆ ಕಾಲಿಟ್ಟವಳಲ್ಲ. ಬಾ ಎಂದು ಕರೆದವರೂ ಇಲ್ಲ.

ಒಮ್ಮೆ ಮಳೆಕಾಡಿನ ಪೊದೆಯೊಂದರ ಒಣಗಿದ ತುಂಡು ಹೂವಿನ ಸಮೇತ ಬಂತು. ದೊಡ್ಡ ಮರಗಳ ನೆರಳಲ್ಲಿ ಬೆಳೆದು ಕಾಂಡದ ಮೇಲೇ ಹೂ ಬಿಡುವ ಜಾತಿ. ತಂದವರು ಹೂವಿನ ಬಣ್ಣ ಬರೆದಿರಲಿಲ್ಲ. ಖಾಲಿ ಬಿಟ್ಟರೆ ಸಾಹೇಬರು ಹರಿಹಾಯುತ್ತಾರೆಂದು ಗೋಂದಕ್ಕ ಕಣ್ಣಿಗೆ ಕಂಡದ್ದನ್ನು ಬರೆದಳು: ಕಂದು. ಸಾಹೇಬರು ನೋಡದೆ ಸಹಿ ಜಡಿದರು.

ಆ ಅಪರೂಪದ ಪೊದೆ ಇದ್ದರೆ ಕಾಡು ಕಡಿಯುವಂತಿರಲಿಲ್ಲ; ಆ ಚೀಟಿ ನಂಬಿ ಅದನ್ನು ಹುಡುಕುತ್ತ ಕಾಡು ಸುತ್ತಿದ ತಂಡಕ್ಕೆ ಕಂದು ಹೂ ಸಿಗಲಿಲ್ಲ. ಪೊದೆ ಇಲ್ಲವೆಂದು ವರದಿಯಾಯಿತು, ಕಾಡು ಕಡಿಯಲು ಅನುಮತಿಯೂ ಸಿಕ್ಕಿತು. ಕಡಿದಾದ ಮೇಲೆ ಅದೇ ಪೊದೆಯ ಹಸಿ ಕಾಂಡವೊಂದು ಅವಳ ಮೇಜಿಗೆ ಬಂತು. ಮೈತುಂಬ ಕೆಂಪು ಹೂ.

"ಚೀಟಿ ತಿದ್ದಿಬಿಡಮ್ಮ," ಎಂದರು ಸಾಹೇಬರು.

"ತಿದ್ದೋದೇನಿದೆ ಸಾರ್? ಇನ್ಮೇಲೆ ಉಳಿಯೋದೆಲ್ಲ ಕಂದೇ."