ಗಂಡನಿಗೆ ಹಾಕಿದ ಸೊನ್ನೆ

ಕರ್ಲಿಂಗ್ ಅಂದರೆ ಮಂಜುಗಡ್ಡೆಯ ಮೇಲೆ ಭಾರದ ಕಲ್ಲು ಜಾರಿಸಿ ಗುರಿಯ ವೃತ್ತಕ್ಕೆ ಸೇರಿಸುವ ಆಟ. ಸ್ಕಾಟ್ಲೆಂಡಿನ ಕಿಲ್‌ಬ್ರೆಕ್ ಊರಿನ ಕರ್ಲಿಂಗ್ ಕ್ಲಬ್ಬಿನಲ್ಲಿ ಇಶ್ಬೆಲ್ ಗತ್ರಿಗೆ ‘ಲೆಕ್ಕದಮ್ಮ’ ಎಂದೇ ಹೆಸರು. ಮಂಡಿ ಕೈಕೊಟ್ಟು ಆಟ ಬಿಟ್ಟವಳು ಮನೆಯಲ್ಲಿ ಬೆಚ್ಚಗೆ ಕೂರಬಹುದಿತ್ತು. ಕೂತಾಳೆಯೇ ಮಹರಾಯ್ತಿ! ಎರಡೆರಡು ಕೋಟು ಹೇರಿಕೊಂಡು, ಕಾಲ ಮೇಲೆ ಕಂಬಳಿ ಎಳೆದುಕೊಂಡು, ಮಂಜುಗಡ್ಡೆಯ ಅಂಚಿನಲ್ಲಿ ಕೂತು, ಯಾರು ಜಾರಿಸಿದ ಕಲ್ಲು ಹೇಗೆ ಹೋಯಿತೆಂದು ಅಂಕ ಹಾಕುತ್ತಾಳೆ. ನಾಯಕ ಕೇಳಿದ ಹಾಗೆಯೇ ಹೋದರೆ ನಾಲ್ಕು, ಪೂರಾ ಕೆಟ್ಟರೆ ಸೊನ್ನೆ, ನಡುವಿನದು ಅವಳ ವಿವೇಚನೆ. ಸಂಬಳ ಗಿಂಬಳ ಏನೂ ಇಲ್ಲ.

ಮೊದಮೊದಲು ಎಲ್ಲರೂ ಮೂಗು ಮುರಿದರು. “ಗೆದ್ದಿದ್ದು ಯಾರು ಅಂತ ಬೋರ್ಡ್ ಮೇಲೇ ಇದೆ, ನಿಂದೇನು ಪುರಾಣ?” ಆದರೆ ಮೊದಲ ಕಲ್ಲು ಬಿಡುವವರನ್ನು ಯಾರೂ ಮೂಸಿಯೂ ನೋಡದ ಕಾಲದಲ್ಲಿ, ಪಂದ್ಯ ನಿಂತಿರುವುದೇ ಅವರ ಮೇಲೆ ಎಂದು ತೋರಿಸಿಕೊಟ್ಟವಳು ಇವಳು. ಈಗ ಅಕ್ಕಪಕ್ಕದ ಊರಿನವರೂ ಅವಳ ಅಂಕಗಳಿಗೆ ಕಾಯುತ್ತಾರೆ. ಜಿಲ್ಲಾ ತಂಡದ ಆಯ್ಕೆ ನಡೆಯುವುದೂ ಅವನ್ನು ನೋಡಿಯೇ.

ಅಲ್ಲೇ ಬಂತು ನೋಡಿ ಫಜೀತಿ. ನಾರ್ವೆಗೆ ಹೊರಟ ತಂಡದಲ್ಲಿ ಉಳಿದದ್ದು ಒಂದೇ ಜಾಗ. ಪೈಪೋಟಿಗೆ ಇಬ್ಬರು: ಮಾಂಸದಂಗಡಿಯ ಲ್ಯಾಕಿ, ಮತ್ತು ಇಶ್ಬೆಲಳ ಗಂಡ, ಶಾಲೆ ಬಸ್ಸು ಓಡಿಸುವ ಡೂಗಲ್. ಅರವತ್ತು ದಾಟಿದರೂ ದೇಶದ ಗಡಿ ದಾಟದ ಈ ಪುಣ್ಯಾತ್ಮ ಆಗಲೇ ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಧೂಳು ಒರೆಸಿಟ್ಟಿದ್ದ.

ಕೊನೆಯ ಪಂದ್ಯದ ಕೊನೆಯ ಕಲ್ಲು ಡೂಗಲನದು. ಬಲಗಡೆಯಿಂದ ಮೆಲ್ಲಗೆ ತಾ ಎಂದು ನಾಯಕ ಫರ್ಗಸ್ ಸನ್ನೆ ಮಾಡಿದ. ಕಲ್ಲು ಕೈಜಾರಿ ಎಡಕ್ಕೆ ಹೊರಟಿತು, ಅದೂ ರಭಸದಿಂದ. ಕೆಟ್ಟಿತು ಎನ್ನುವಷ್ಟರಲ್ಲಿ ಒಂದು ಕಲ್ಲಿಗೆ ತಾಗಿ, ಎದುರಾಳಿಯ ಕಲ್ಲನ್ನು ಆಚೆಗೆ ದಬ್ಬಿ, ವೃತ್ತದ ನಟ್ಟನಡುವೆ ಹೋಗಿ ನಿಂತುಬಿಟ್ಟಿತು. ಗೆದ್ದೇಬಿಟ್ಟರು! ಎಲ್ಲರೂ ಕುಣಿದರು. ಇಶ್ಬೆಲ್ ಸೊನ್ನೆ ಬರೆದಳು.

ಆಮೇಲೆ ಬಾರಿನಲ್ಲಿ, ಪದ್ಧತಿಯಂತೆ ಗೆದ್ದವರು ಸೋತವರಿಗೆ ವಿಸ್ಕಿ ಕೊಡಿಸುತ್ತಿದ್ದಾಗ, ಫರ್ಗಸ್ ಅಂಕ ನೋಡಿ ಹೌಹಾರಿದ.

“ಗೆಲ್ಲಿಸಿದ ಕಲ್ಲಿಗೆ ಸೊನ್ನೆನಾ? ಅದೂ ಕಟ್ಕೊಂಡ ಗಂಡನಿಗೆ! ಏನಮ್ಮಾ ಲೆಕ್ಕದಮ್ಮ, ಅವನು ನಾರ್ವೆಗೆ ಹೋಗೋದು ಬೇಡ್ವಾ?”

“ನೀನು ಕೇಳಿದ್ದು ಬಲಗಡೆ. ಅವನು ಬಿಟ್ಟಿದ್ದು ಎಡಗಡೆ. ಅದೃಷ್ಟಕ್ಕೆಲ್ಲ ನಾನು ಅಂಕ ಕೊಡಲ್ಲಪ್ಪ.”

ಈ ಸೊನ್ನೆಯಿಂದ ಲ್ಯಾಕಿ ಕೂದಲೆಳೆಯಷ್ಟು ಮುಂದಿದ್ದ. ಫರ್ಗಸ್ ಡೂಗಲನ ಕಡೆ ತಿರುಗಿ ಕಣ್ಣು ಮಿಟುಕಿಸಿದ. “ಕೊನೇ ಗಳಿಗೇಲಿ ನಾನು ಎಡಕ್ಕೇ ಸನ್ನೆ ಮಾಡಿದ್ದೆ, ಇವಳಿಗೆ ಕಂಡಿಲ್ಲ ಅಷ್ಟೆ. ಅಲ್ವೇನೋ?”

ಜಾರುವ ಕಲ್ಲಿನ ಮುಂದೆ ಮಂಜು ಉಜ್ಜುವಾಗ ತನ್ನ ಬ್ರಷ್ ತಪ್ಪಿ ಕಲ್ಲಿಗೆ ತಾಗಿದರೆ ಯಾರೂ ನೋಡದಿದ್ದರೂ ತಾನೇ ಕೈಯೆತ್ತಿ ಒಪ್ಪಿಕೊಳ್ಳುವ ಜನ ಇವರು. ಆಟಗಾರ ಹೇಳಿದ ಮೇಲೆ ಮುಗಿಯಿತು. ಡೂಗಲ್ ಒಂದು ಹೂಂ ಅಂದರೆ ನಾಲ್ಕು ಅಂಕ, ನಾರ್ವೆ. ಇಷ್ಟು ವರ್ಷ ಯಾರ ಮುಲಾಜಿಗೂ ಬೀಳದ ಇಶ್ಬೆಲಳ ಮನಸ್ಸು ‘ಹೂಂ ಅನ್ನು, ಅಂದುಬಿಡು ಮಾರಾಯ’ ಎಂದು ಹಲುಬುತ್ತಿತ್ತು.

ಡೂಗಲ್ ಗ್ಲಾಸು ಕೆಳಗಿಟ್ಟ. “ಆ ಕಲ್ಲು ನನ್ನ ಮಾತು ಕೇಳಿದ್ದಿದ್ರೆ ನಾವು ಇವತ್ತು ಸೋತಿರ್ತಿದ್ವಿ ಕಣ್ರೋ! ಸೊನ್ನೆ ಅಂದ್ರೆ ಸೊನ್ನೆನೇ. ಲೋ ಲ್ಯಾಕಿ, ಅಲ್ಲಿ ಹೋಗಿ ಊರಿನ ಮಾನ ಕಳೀಬೇಡ.”

ಬಾರಿಗೆ ಬಾರೇ ಬಿದ್ದುಬಿದ್ದು ನಕ್ಕಿತು. ಲ್ಯಾಕಿ ಬಂದು ಡೂಗಲನನ್ನು ತಬ್ಬಿಕೊಂಡ.

ಮನೆಗೆ ಹೋಗುವಾಗ ಕಾರಿನಲ್ಲಿ ಇಶ್ಬೆಲಳಿಗೆ ತಡೆಯಲಾಗಲಿಲ್ಲ. “ನೀನು ಸುಳ್ಳು ಹೇಳಲಿ ಅಂತ ಆಸೆ ಆಯ್ತು ನಂಗೆ,” ಎಂದುಬಿಟ್ಟಳು.

“ನಿನ್ನ ಮುಖದಲ್ಲೇ ಕಾಣ್ತಿತ್ತು,” ಎಂದು ಡೂಗಲ್ ನಕ್ಕ. “ಅದಕ್ಕೇ ಹೇಳಲಿಲ್ಲ. ನಾನು ಹೂಂ ಅಂದಿದ್ರೆ, ನಾಳೆಯಿಂದ ನೀನು ಹಾಕೋ ಅಂಕಾನ ನೀನೇ ನಂಬ್ತಿರಲಿಲ್ಲ.”