ಮಾತಾಡದೆ ಕುಡಿಯುವ ಕಷಾಯ

ಈಸೂರಿನ ಜಗದಾಂಬಕ್ಕ ನಮ್ಮ ಎದುರುಮನೆಯವರು. ಮುಟ್ಟು ನಿಲ್ಲುವ ಕಾಲಕ್ಕೆ ಮೈ ಕಾದು, ಬೆವರಿ, ಸೆರಗಲ್ಲೇ ಗಾಳಿ ಹಾಕಿಕೊಳ್ಳುವ ಹೆಂಗಸರು ಭಾನುವಾರ ಬೆಳಿಗ್ಗೆ ಅವರ ಹಿತ್ತಲ ಬಾಗಿಲಿಗೆ ಬರುತ್ತಿದ್ದರು. ಅಶೋಕದ ತೊಗಟೆ, ಶತಾವರಿ ಬೇರು ಹಾಕಿ ಬತ್ತಿಸಿದ ಹಾಲಿನ ಕಷಾಯ, ಅತ್ತೆ ಕಲಿಸಿದ್ದು. ಹಿತ ಅನಿಸುತ್ತಿದ್ದದ್ದೂ ನಿಜ, ನಾನೂ ಕುಡಿದವಳೇ. ಅದಕ್ಕೊಂದು ನಿಯಮವಿತ್ತು. ಹೊಸಿಲು ದಾಟಿದಾಗಿನಿಂದ ಕುಡಿದು ಹೊರಡುವವರೆಗೆ ಕೊಡುವವಳೂ ಕುಡಿಯುವವಳೂ ತುಟಿ ಬಿಚ್ಚಬಾರದು, ತಿರುಗಿ ನೋಡದೆ ಹೋಗಬೇಕು. ಮಾತಾಡಿದರೆ ಮದ್ದು ಹತ್ತುವುದಿಲ್ಲವಂತೆ. ಯಾವ ಮಹಾನುಭಾವ ಮಾಡಿದ ನಿಯಮವೋ! ಮನೆಯಲ್ಲಂತೂ ಹೆಂಗಸರು ಇಂಥದ್ದಕ್ಕೆ ಬಾಯಿ ಬಿಡುವುದಿಲ್ಲ. ಹೇಳಿಕೊಳ್ಳಬಹುದಾದ ಒಂದು ಜಾಗದಲ್ಲೂ ಬಾಯಿಗೆ ಬೀಗ.

ಹೋದ ವರ್ಷ ಅವರ ನಾದಿನಿ ಬಸವಣ್ಣೆಮ್ಮ ಬಳ್ಳಿಗಾವಿಯಿಂದ ಮೊದಲ ಬಸ್ಸಿಗೆ ಬಂದಳು. ಐವತ್ತಮೂರು ವಯಸ್ಸು, ಮುಟ್ಟು ನಿಂತು ಎರಡು ವರ್ಷವಾಗಿತ್ತು. ನಾನು ಅಲ್ಲೇ ಕೂತಿದ್ದೆ. ಲೋಟ ಹಿಡಿದುಕೊಂಡು, "ಅತ್ತಿಗೆ, ನನಗೆ..." ಅಂದಳು. ಜಗದಾಂಬಕ್ಕ ತುಟಿಯ ಮೇಲೆ ಬೆರಳಿಟ್ಟರು. ಅವಳು ಸುಮ್ಮನೆ ಕುಡಿದು ಬಸ್ಸು ಹಿಡಿದಳು. ಆಮೇಲೆ ಏಳು ತಿಂಗಳು ತಪ್ಪದೆ ಬಂದಳು, ಒಂದು ಮಾತೂ ಆಡಲಿಲ್ಲ.

ದಸರಾ ಮುಗಿದ ವಾರ ಜೋಳದ ಹೊಲದಲ್ಲಿ ಕುಸಿದು ಬಿದ್ದಳು. ಶಿವಮೊಗ್ಗದ ಡಾಕ್ಟರು ಸ್ಕ್ಯಾನ್ ನೋಡಿ, ಗರ್ಭಕೋಶದ ಕ್ಯಾನ್ಸರು, ಲಿವರಿಗೂ ಹೋಗಿದೆ ಅಂದರು.

"ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡ್ರೂ ತೋರಿಸಬೇಕಮ್ಮ. ಆಗಲೇ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು."

ಜಗದಾಂಬಕ್ಕ ಅವಳ ಕೈ ಹಿಡಿದು ಕೇಳಿದರು, "ಮತ್ತೆ ಕಾಣ್ತಿತ್ತೇನೇ? ಯಾಕೆ ಹೇಳ್ಲಿಲ್ಲ?"

"ಅದನ್ನೇ ಹೇಳಾಕ ಬಾಯಿ ತೆಗ್ದಿದ್ದೆ ಅತ್ತಿಗೆ, ಮೊದಲ್ನೇ ದಿನ. ಆಮ್ಯಾಲೆ ಕಡಿಮೆ ಆತು. ಮದ್ದು ಹತ್ತೈತಿ ಅಂದ್ಕೊಂಡೆ."

ಅವತ್ತಿನಿಂದ ಜಗದಾಂಬಕ್ಕ ಕಷಾಯದ ಪಾತ್ರೆ ಒಲೆಗೇರಿಸಲಿಲ್ಲ. ಬಂದವರನ್ನು ಶಿಕಾರಿಪುರದ ಆಸ್ಪತ್ರೆಗೆ ಹೋಗಿ ಅಂತ ಬೈದು ಕಳಿಸುತ್ತಿದ್ದರು.

ಸಂಕ್ರಾಂತಿ ಹೊತ್ತಿಗೆ ಬಸವಣ್ಣೆಮ್ಮನಿಗೆ ಗಂಜಿಯೂ ಇಳಿಯದಾಯಿತು. ಅತ್ತಿಗೆಯ ಕಷಾಯವೇ ಬೇಕು ಅಂತ ಹಟ ಹಿಡಿದಳಂತೆ. ಜಗದಾಂಬಕ್ಕ ಮತ್ತೆ ಹಾಲು ಬತ್ತಿಸಿದರು. ಒಬ್ಬಳೇ ಹೋಗಲಾರೆ ಅಂದದ್ದಕ್ಕೆ ನಾನೂ ಬಳ್ಳಿಗಾವಿಗೆ ಹೋದೆ. ಚಮಚದಲ್ಲಿ ಕುಡಿಸುತ್ತ ಅವರು ಅತ್ತುಬಿಟ್ಟರು.

"ತಪ್ಪಾತೇ ತಾಯಿ. ಏನಾದ್ರೂ ಮಾತಾಡೇ, ಬೈಯಾದ್ರೂ ಬೈಯೇ."

ಬಸವಣ್ಣೆಮ್ಮ ಬೆರಳೆತ್ತಿ ಅತ್ತಿಗೆಯ ತುಟಿಯ ಮೇಲಿಟ್ಟಳು. ಮಾತಾಡಿದರೆ ಮದ್ದು ಹತ್ತುವುದಿಲ್ಲ ಅಂತ ಅವಳಿನ್ನೂ ನಂಬಿದ್ದಳು.