ಸುಕೇಶನ ಐದನೇ ಹಾಡು

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ನಕ್ಕು ಪುಟ ತಿರುಗಿಸುತ್ತಿದ್ದೆ. ನನ್ನ ಹೊಟ್ಟೆಪಾಡೇ ಸದ್ದಿನದು. ಬ್ರಹ್ಮಾವರದಲ್ಲಿ ಮೈಕ್ ಸೆಟ್ಟಿನ ಅಂಗಡಿ ಇಟ್ಟುಕೊಂಡಿದ್ದೇನೆ. ಖಾಲಿ ಕೋಣೆಯಲ್ಲಿ ಯಾರೋ ಗೊಣಗುತ್ತಾರೆ, ಆಫ್ ಮಾಡಿದ ಸ್ಪೀಕರಿನಲ್ಲಿ ಮಾತು ಕೇಳುತ್ತದೆ ಎಂದು ಹೆದರಿ ಕರೆದವರ ಮನೆಗೆಲ್ಲ ಹೋಗಿ ನೋಡಿದ್ದೇನೆ. ಒಂದು ಕಡೆ ಅರ್ಥಿಂಗ್ ಸರಿ ಇರಲಿಲ್ಲ. ಇನ್ನೊಂದು ಕಡೆ ಉದ್ದದ ವೈರು ರೇಡಿಯೋ ಸ್ಟೇಷನ್ ಹಿಡಿಯುತ್ತಿತ್ತು. ಭೂತ ಎಂದರೆ ಸಡಿಲವಾದ ಪಿನ್ನು ಎಂದು ಹತ್ತು ಜನರೆದುರು ತಮಾಷೆ ಮಾಡಿದವನು ನಾನು. ಈಗ ಮೂರು ವರ್ಷದಿಂದ ಆ ತಮಾಷೆ ಮಾಡುವುದನ್ನು ಬಿಟ್ಟಿದ್ದೇನೆ.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ನನಗೆ ಸುಕೇಶನ ಮೇಲೆ ಹೊಟ್ಟೆಕಿಚ್ಚು. ಅದನ್ನು ಮುಚ್ಚಿಟ್ಟುಕೊಂಡು ಈ ಕತೆ ಹೇಳಲು ಬರುವುದಿಲ್ಲ.

ಸುಕೇಶ ನಾವುಂದದವನು. ಕುಂದಾಪುರದ ಕಾಲೇಜಿನಲ್ಲಿ ಒಂದೇ ಬೆಂಚು ನಮ್ಮದು. ಇಬ್ಬರಿಗೂ ಹಾಡು ಕಟ್ಟುವ ಹುಚ್ಚು. ವಾದ್ಯ ನುಡಿಸಲು ಇಬ್ಬರಿಗೂ ಬಾರದು. ಯಾರೋ ಬಿಟ್ಟ ಹಳೇ ಕಂಪ್ಯೂಟರು, ಕಳ್ಳ ಸಾಫ್ಟ್‌ವೇರು, ಸಂತೆಯಲ್ಲಿ ಸಿಗುವಂಥ ಒಂದು ಮೈಕು, ಇಷ್ಟೇ ಬಂಡವಾಳ. ಅವನು ಅವನ ಮಲಗುವ ಕೋಣೆಯಲ್ಲಿ, ನಾನು ನನ್ನ ಮಲಗುವ ಕೋಣೆಯಲ್ಲಿ ಬಾಗಿಲಿಗೆ ಹಾಸಿಗೆ ಒರಗಿಸಿ, ತಾಮ್ರದ ಹಂಡೆ, ತೆಂಗಿನ ಗೆರಟೆ, ಸ್ಟೀಲಿನ ತಟ್ಟೆ ಏನು ಸಿಕ್ಕಿತೋ ಅದನ್ನು ಬಡಿದು ರೆಕಾರ್ಡ್ ಮಾಡಿ, ಅದನ್ನೇ ಹಿಗ್ಗಿಸಿ ಕುಗ್ಗಿಸಿ ಹಾಡು ಮಾಡುತ್ತಿದ್ದೆವು. ಹಾಡು ಪೂರ್ತಿಯಾದ ಮೇಲೆ ಮಾತ್ರ ಒಬ್ಬರಿಗೊಬ್ಬರು ಕೇಳಿಸುವುದು. ಅರ್ಧ ಮಾಡಿದ್ದನ್ನು ಯಾವತ್ತೂ ಕೊಟ್ಟವರಲ್ಲ. ಅವನು ಕದ್ದಾನು ಎಂದು ನನಗೆ ಹೆದರಿಕೆ, ನಾನು ಕದ್ದೇನು ಎಂದು ಅವನಿಗೆ. ಸ್ನೇಹಕ್ಕೆ ಅದರಿಂದ ಕುಂದೇನೂ ಬರಲಿಲ್ಲ.

ನನ್ನ ಕೋಣೆಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಅದೂ ಮಾಡಿನ ಹೆಂಚಿನವರೆಗೆ ಮುಟ್ಟದ ಗೋಡೆ. ಆಚೆ ಅಮ್ಮ ಮೆಟ್ಟುಕತ್ತಿಯ ಮುಂದೆ ಕೂತು ಮೀನು ಕೊಯ್ಯುವಾಗ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದಳು. ಯಾವ ಹಾಡೆಂದು ಅವಳಿಗೂ ಗೊತ್ತಿರಲಿಲ್ಲ. ಎರಡು ಸಾಲು ಸರಿಯಾಗಿ ಬರುತ್ತಿತ್ತು. ಮೂರನೆಯದು ಅರ್ಧಕ್ಕೆ ಮರೆತುಹೋಗಿ, ಸಣ್ಣಗೆ ಒಮ್ಮೆ ಕೆಮ್ಮಿ, ಮತ್ತೆ ಮೊದಲಿನಿಂದ ಶುರು. ಯಾರಾದರೂ ಹತ್ತಿರ ಹೋದರೆ ಬಾಯಿ ಮುಚ್ಚಿಬಿಡುವಳು. ಹಾಡು ಎಂದು ಕೇಳಿದರೆ ನಾಚಿಕೆ. ಆ ಗುನುಗು ನನ್ನ ಒಂದೊಂದು ರೆಕಾರ್ಡಿಂಗಿನ ಅಡಿಯಲ್ಲೂ ಕೂತಿರುತ್ತಿತ್ತು.

ನನಗೆ ಅದು ಗಲೀಜು. ಬೇಡದ ಸದ್ದಿನ ಒಂದು ಚೂರನ್ನು ತೋರಿಸಿಕೊಟ್ಟರೆ ಸಾಫ್ಟ್‌ವೇರು ಹಾಡಿನುದ್ದಕ್ಕೂ ಅಂಥದ್ದನ್ನು ಹುಡುಕಿ ಒರೆಸುತ್ತದೆ. ಒರೆಸಿ ಉಳಿದದ್ದನ್ನು ನಾನು ಕೂತು ಕೈಯಲ್ಲೇ ಕತ್ತರಿಸುತ್ತಿದ್ದೆ. ಒಂದು ಹಾಡಿಗೆ ವಾರಗಟ್ಟಲೆ ಇದೇ ಕೆಲಸ. ಅಷ್ಟು ಚೊಕ್ಕ ಮಾಡುವವರು ನಮ್ಮ ಕಡೆ ಯಾರೂ ಇಲ್ಲ ಎಂದು ಜಂಬ ಬೇರೆ. ಕಂಪ್ಯೂಟರಿನಲ್ಲಿ ಜಾಗ ಸಾಲದೆ ಒರೆಸುವ ಮೊದಲಿನ ರೆಕಾರ್ಡಿಂಗುಗಳನ್ನು ಆಗಿಂದಾಗಲೇ ಅಳಿಸಿಬಿಡುತ್ತಿದ್ದೆ. ಹೀಗೆ ಹನ್ನೊಂದು ಹಾಡು ಮಾಡಿದೆ. ಆಮೇಲೆ ಒಂದು ಶ್ರಾವಣದಲ್ಲಿ ಅಮ್ಮ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಹದಿಮೂರನೇ ದಿನದ ಕಾರ್ಯ ಕಳೆದ ಮೇಲೆ ಒಂದು ಮಧ್ಯಾಹ್ನ ಹನ್ನೊಂದೂ ಹಾಡನ್ನು ಹಾಕಿ ಕೇಳಿದೆ. ಎಲ್ಲವೂ ತೊಳೆದಿಟ್ಟ ಪಾತ್ರೆಯಷ್ಟು ಚೊಕ್ಕವಾಗಿದ್ದವು. ಅಮ್ಮನ ಮಾತು ಫೋನಿನಲ್ಲಿ ಒಂದೆರಡು ಕಡೆ ಇತ್ತು, ಗುನುಗು ಎಲ್ಲೂ ಇರಲಿಲ್ಲ. ಆವತ್ತು ನಾನು ಅತ್ತೆ, ಅದನ್ನು ಹೇಳಿಕೊಳ್ಳಲು ನಾಚಿಕೆ ಇಲ್ಲ.

ಸುಕೇಶ ಹಾಡು ಮಾಡುವುದನ್ನು ಬಿಡಲಿಲ್ಲ. ಅವನ ಹಾಡುಗಳು ಒರಟು, ಬದಿಯಲ್ಲಿ ಕೋಳಿ ಕೂಗುತ್ತದೆ, ಬಸ್ಸಿನ ಹಾರ್ನು ಬರುತ್ತದೆ. ಆದರೂ ಅವು ಎಲ್ಲೆಲ್ಲಿಗೋ ಹೋದವು. ಯಾರೋ ಸಿನಿಮಾದವರು ಕೇಳಿದರು, ಕಾಲೇಜು ಹುಡುಗಿಯರು ಸ್ಟೇಟಸ್ಸಿಗೆ ಹಾಕಿಕೊಂಡರು. ನನ್ನ ಹೆಂಡತಿಯೇ ಒಂದು ದಿನ ದೋಸೆ ಹೊಯ್ಯುತ್ತಾ ಅವನ ಹಾಡು ಕೇಳುತ್ತಿದ್ದಳು. ನನಗೆ ಆವತ್ತು ದೋಸೆ ಸೇರಲಿಲ್ಲ. ಅವನು ಒಳ್ಳೆಯವನು ಎಂಬುದು ಇನ್ನೂ ಕಷ್ಟ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು.

ಮೂರು ವರ್ಷದ ಕೆಳಗೆ, ಒಂದು ಆದಿತ್ಯವಾರ ಬೆಳಿಗ್ಗೆ ಅವನು ಫೋನ್ ಮಾಡಿದ. ಶುರುವಿನ ದಿನಗಳ ಹಾಡುಗಳನ್ನೆಲ್ಲ ಒಟ್ಟು ಸೇರಿಸಿ ಬಿಡುಗಡೆ ಮಾಡುತ್ತಿದ್ದಾನಂತೆ, ಜನ ಕೇಳುತ್ತಿದ್ದಾರಂತೆ. ಅದಕ್ಕೆ ಮೊದಲು ನಾನು ಒಮ್ಮೆ ಕೂತು ಕೇಳಬೇಕಂತೆ. ನನ್ನ ಶುರುವಿನ ಹಾಡುಗಳನ್ನು ಯಾವ ನಾಯಿಯೂ ಕೇಳಿರಲಿಲ್ಲ. ತಪ್ಪು ಹುಡುಕುವ ಆಸೆಯಿಂದಲೇ ನಾನು ಬೈಕ್ ಹತ್ತಿದೆ.

ನಾವುಂದದಲ್ಲಿ ಅವನ ಕೋಣೆ ಹಾಗೇ ಇತ್ತು. ಊಟ ಮಾಡಿ ಕೂತೆವು. ಮೊದಲ ನಾಲ್ಕು ಹಾಡುಗಳಲ್ಲಿ ಬೇಕಾದಷ್ಟು ತಪ್ಪು ಸಿಕ್ಕಿ ನನಗೆ ಖುಷಿಯಾಗಿತ್ತು. ಐದನೆಯದು ಶುರುವಾಗಿ ಒಂದು ನಿಮಿಷ ಆಗಿರಬಹುದು, ಹಾಡಿನೊಳಗೆ ಸೇರಿಕೊಂಡಿದ್ದ ಫ್ಯಾನಿನ ಸದ್ದಿನ ಅಡಿಯಿಂದ ಅಮ್ಮ ಗುನುಗಿದಳು. ಎರಡು ಸಾಲು ಪೂರ್ತಿ, ಮೂರನೆಯದು ಅರ್ಧ, ಸಣ್ಣ ಕೆಮ್ಮು, ಮತ್ತೆ ಮೊದಲಿನಿಂದ.

ಇದನ್ನು ಯಾವಾಗ ರೆಕಾರ್ಡ್ ಮಾಡಿದ್ದು ಎಂದು ಕೇಳಿದೆ. ಅವನು ಕಡತದ ತಾರೀಕು ತೋರಿಸಿದ. ಅಮ್ಮ ಹೋಗಿ ಎರಡು ವರ್ಷ ಆದ ಮೇಲಿನದು. ಇದೇ ಕೋಣೆಯಲ್ಲಿ, ಅವನೊಬ್ಬನೇ ಇದ್ದಾಗ. ಅಮ್ಮ ಈ ಮನೆಯ ಮೆಟ್ಟಿಲು ಹತ್ತಿದವಳೇ ಅಲ್ಲ. ಹಿಂದೆ ಯಾರೋ ಹಾಡುತ್ತಿರುವುದು ನಿನಗೆ ಕೇಳುತ್ತದೆಯೇ ಎಂದೆ.

"ಕೇಣ್ತಲೆ. ಆಚಿಮನಿ ಹೆಂಗ್ಸ್ ಯಾರೋ ಇರ್ಕ್. ಚಂದ ಇತ್ತಲೆ ಅಂದೇಳಿ ಹಾಂಗೇ ಬಿಟ್ಟೆ," ಅಂದ.

ಚಂದ ಇದೆ ಎಂದು ಹಾಗೇ ಬಿಟ್ಟೆ. ಈ ಮಾತು ನನ್ನನ್ನು ಸುಟ್ಟಿತು. ನಾನು ಹೆತ್ತಮ್ಮನ ಸ್ವರವನ್ನು ವಾರಗಟ್ಟಲೆ ಕೂತು ಒರೆಸಿದೆ, ಇವನು ಯಾರೋ ಹೆಂಗಸಿನದೆಂದು ಉಳಿಸಿಕೊಂಡ. ಅಮ್ಮನಿಗೆ ಬರಲೇಬೇಕೆಂದಿದ್ದರೆ ನನ್ನ ಹಾಡು ಇರಲಿಲ್ಲವೇ? ಬ್ರಹ್ಮಾವರ ದಾಟಿ, ಕುಂದಾಪುರ ದಾಟಿ, ಈ ನಾವುಂದಕ್ಕೆ ಇವನ ಮನೆಗೇ ಬರಬೇಕಿತ್ತೇ? ಭಯಕ್ಕಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. ಇದು ಅಮ್ಮನ ಸ್ವರ ಎಂದು ನಾನು ಅವನಿಗೆ ಹೇಳಲಿಲ್ಲ. ಊರೆಲ್ಲ ಅವನ ಹಾಡಿನಲ್ಲಿ ನನ್ನ ಅಮ್ಮನನ್ನು ಕೇಳುವುದು ನನಗೆ ಬೇಡವಾಗಿತ್ತು. ಆ ಗುನುಗು ಕಿವಿಗೆ ಚುಚ್ಚುತ್ತದೆ, ಕಲಿಯುವವರ ಕೆಲಸದಂತೆ ಕಾಣುತ್ತದೆ, ತೆಗೆದುಹಾಕು ಎಂದೆ.

ಅವನು ಆ ಜಾಗವನ್ನು ಇನ್ನೊಮ್ಮೆ ಹಾಕಿ ಕೇಳಿದ. "ನಿನ್ ಕಿವಿ ಮುಂದ್ ನಂದೆಲ್ಲಿ ಮಾರಾಯ. ನೀ ಬ್ಯಾಡ ಅಂದ್ರೆ ತೆಗುವ," ಎಂದ.

ಒರೆಸಲು ಅವನಿಗೆ ಸರಿಯಾಗಿ ಬಾರದು. ನಾನೇ ಕೂತು ಒರೆಸಿದೆ. ಅದಕ್ಕೆ ಮೊದಲು ಮೂಲ ರೆಕಾರ್ಡಿಂಗನ್ನು ನನ್ನ ಪೆನ್‌ಡ್ರೈವಿಗೆ ಹಾಕಿಕೊಂಡೆ, ಸುಮ್ಮನೆ ಇರಲಿ ಎಂದು ಸುಳ್ಳು ಹೇಳಿ. ಎರಡು ಗಂಟೆಯ ಕೆಲಸ. ಕೊನೆಗೆ ಹಾಕಿ ಕೇಳಿದಾಗ ಅಮ್ಮನ ಸುಳಿವೂ ಇರಲಿಲ್ಲ. ಸುಕೇಶ ನನಗೆ ಚಾ ಮಾಡಿಕೊಟ್ಟು, ಥ್ಯಾಂಕ್ಸ್ ಹೇಳಿ, ಗೇಟಿನವರೆಗೆ ಬಂದು ಬಿಟ್ಟ. ಅಮ್ಮ ಇನ್ನು ನನ್ನೊಬ್ಬನವಳು ಎಂದುಕೊಂಡು ಪೆನ್‌ಡ್ರೈವ್ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾ ಮನೆಗೆ ಬಂದೆ.

ಮನೆಯಲ್ಲಿ ಹಾಕಿದರೆ ಹಾಡಿನ ಅಡಿಯಲ್ಲಿ ಬರೀ ಫ್ಯಾನಿನ ಸದ್ದು. ಅದೇ ಕಡತ, ಅದೇ ಉದ್ದ, ಅದೇ ತಾರೀಕು. ಸ್ಪೀಕರು ಬದಲಾಯಿಸಿದೆ, ಹೆಡ್‌ಫೋನು ಬದಲಾಯಿಸಿದೆ, ಅಂಗಡಿಯ ದೊಡ್ಡ ಸೆಟ್ಟಿಗೂ ಹಾಕಿ ನೋಡಿದೆ. ಹಾಡು, ಫ್ಯಾನು ಬಿಟ್ಟರೆ ಇನ್ನೇನೂ ಇಲ್ಲ.

ಎರಡು ತಿಂಗಳಿಗೆ ಸುಕೇಶನ ಹಾಡುಗಳು ಹೊರಬಂದವು. ಒಂದು ಬೆಳಿಗ್ಗೆ ಹೆಂಡತಿ ಫೋನು ಹಿಡಿದುಕೊಂಡು ಬಂದು, ಈ ಐದನೆಯದರಲ್ಲಿ ಗುನುಗುವವರು ಯಾರು ಎಂದು ಕೇಳಿದಳು. ಅವಳು ನಮ್ಮ ಮನೆಗೆ ಬಂದದ್ದು ಅಮ್ಮ ಹೋದ ಮೇಲೆ, ಆ ಸ್ವರ ಅವಳಿಗೆ ಗೊತ್ತಿಲ್ಲ. ನಾನು ಕಸಿದುಕೊಂಡು ಕಿವಿಗೆ ಇಟ್ಟೆ. ನನ್ನ ಕೈಯಾರೆ ಚೊಕ್ಕ ಮಾಡಿದ ಹಾಡು ಚೊಕ್ಕವಾಗಿಯೇ ಇತ್ತು. ಇಲ್ಲಿ, ಇಲ್ಲಿ, ಎಂದು ಅವಳು ಬೆರಳಿಟ್ಟು ತೋರಿಸಿದಳು. ಕಂಪ್ಯೂಟರಿಗೆ ಹಾಕಿ ನೋಡಿದರೆ ಅವಳು ತೋರಿಸಿದ ಕಡೆ ತೆರೆಯ ಮೇಲೆ ತೆಳ್ಳಗೆ ಸದ್ದಿನ ಗೆರೆಗಳು ಕಾಣುತ್ತವೆ, ಕಿವಿಗೆ ಮಾತ್ರ ಬೀಳುವುದಿಲ್ಲ. ಕುಂದಾಪುರದ ಕಿವಿ ಡಾಕ್ಟರ ಹತ್ತಿರವೂ ಹೋದೆ. ಪರೀಕ್ಷೆ ಮಾಡಿ ಕಿವಿಗೆ ಏನೂ ಆಗಿಲ್ಲ ಅಂದರು.

ಆ ವಾರದಲ್ಲೇ ಮುಂಬಯಿಯಿಂದ ಅಕ್ಕ ಫೋನ್ ಮಾಡಿದಳು. ಅಲ್ಲಿ ಭಾವನ ಹೋಟೆಲಿನಲ್ಲಿ ಕೆಲಸ ಮಾಡುವವರು ಯಾರೋ ಊರಿನ ಹುಡುಗನ ಹಾಡೆಂದು ಹಾಕಿದ್ದರಂತೆ. ಅಮ್ಮನ ಸ್ವರ ಸುಕೇಶನಿಗೆ ಎಲ್ಲಿ ಸಿಕ್ಕಿತು ಎಂದು ಕೇಳಿದಳು. ಹಾಗೇ ಮುಂದುವರಿದು, ಅಮ್ಮ ಮೂರನೆಯ ಸಾಲನ್ನೂ ಪೂರ್ತಿ ಹೇಳುತ್ತಾಳೆ, ಅದಾದ ಮೇಲೆ ಇನ್ನೊಂದು ಇದೆ, ನೀನು ಕೇಳಿಲ್ಲವಾ ಎಂದಳು. ಇಲ್ಲ ಎಂದೆ.

"ಕಡಿಗೆ ಅಮ್ಮ ನಿನ್ನನ್ನೇ ಕರಿತಲೆ, ತಮ್ಮಾ. ಎರ್ಡ್ ಸಲ. ಉಂಬುಕ್ ಬಾ ಅಂತ್."

ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ವೈರು, ಪಿನ್ನು, ಅರ್ಥಿಂಗು ಎಲ್ಲ ಯೋಚಿಸಿ ಆಯಿತು. ಸುಕೇಶನಿಗೆ ಇನ್ನೂ ನಿಜ ಹೇಳಿಲ್ಲ. ಅವನ ಮೇಲಿನ ಹೊಟ್ಟೆಕಿಚ್ಚು ಈಗ ಅಷ್ಟಿಲ್ಲ, ಅದು ಅಕ್ಕನ ಮೇಲೆ ಹೋಗಿದೆ, ಆ ಹಾಡು ಕೇಳುವ ಗುರುತಿಲ್ಲದ ಸಾವಿರಾರು ಜನರ ಮೇಲೆ ಹೋಗಿದೆ. ಅಮ್ಮ ನನ್ನನ್ನು ಊಟಕ್ಕೆ ಕರೆಯುವುದು ಅವರಿಗೆಲ್ಲ ಕೇಳುತ್ತದೆ. ಕರೆಸಿಕೊಳ್ಳುವವನಿಗೆ ಮಾತ್ರ ಕೇಳುವುದಿಲ್ಲ.

ಕಳೆದ ಆದಿತ್ಯವಾರ ಹೆಂಡತಿ ತವರಿಗೆ ಹೋಗಿದ್ದಳು. ಮಧ್ಯಾಹ್ನ ಒಬ್ಬನೇ ಕೂತು ಐದನೇ ಹಾಡು ಹಾಕಿದೆ. ಅಕ್ಕ ಹೇಳಿದ ಜಾಗ ಬಂದಾಗ ಏನೂ ಕೇಳಲಿಲ್ಲ. ಆದರೂ ಸ್ವಲ್ಪ ಗಟ್ಟಿಯಾಗಿಯೇ "ಓ, ಬಂದೆ" ಅಂದೆ.